ಗೋಡೆ ಸರ್ಕಾರದ್ದು, ನೆಲ ಯಾರದು?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನೋ ಗಾದೆಯನ್ನು ಮೇಷ್ಟ್ರುಗಳು ಮಕ್ಕಳ ಕೈಲಿ ವಿಸ್ತರಿಸಿ ಬರೆಸುತ್ತಾರೆ. ಇಟ್ಟಿಗೆ, ಗಾರೆ, ಮರ, ಕೂಲಿ, ಸಾಲ ಅಂತ ಬರೆದರೆ ಮಾರ್ಕು ಸಿಗುತ್ತೆ. ಆದರೆ ಈ ಗಾದೆ ಕಟ್ಟಿದವರು ಯಾರು? ಮನೆ ಕಟ್ಟೋದಕ್ಕೆ ಜಾಗ ಇದ್ದವರು. ಅವರ ಕಷ್ಟ ಗೋಡೆ ಎಬ್ಬಿಸುವಲ್ಲಿಂದ ಶುರುವಾಗುತ್ತೆ. ಕೇರಿಯವನ ಕಷ್ಟ ಅದಕ್ಕಿಂತ ಮೊದಲೇ ಶುರು. ನಾನು ನಿಂತಿರೋ ನೆಲ ಯಾರದು? ಈ ಕಷ್ಟದ ಮೇಲೆ ಯಾರೂ ಗಾದೆ ಕಟ್ಟಲಿಲ್ಲ.

ಸ್ವಾತಂತ್ರ್ಯ ಬಂದಾಗಿನಿಂದ ಸರ್ಕಾರಗಳು ಬಡವರಿಗೆ ಮನೆ ಕಟ್ಟಿಸುವ ಯೋಜನೆಗಳನ್ನು ಮಾಡುತ್ತಲೇ ಬಂದಿವೆ. ಜನತಾ ಮನೆ, ಇಂದಿರಾ ಆವಾಸ್, ಆಶ್ರಯ, ಅಂಬೇಡ್ಕರ್ ನಿವಾಸ, ಬಸವ ವಸತಿ, ಪ್ರಧಾನಮಂತ್ರಿ ಆವಾಸ್. ಒಂದೊಂದು ಸರ್ಕಾರಕ್ಕೆ ಒಂದೊಂದು ಹೆಸರು. ಈ ಯೋಜನೆಗಳ ಚರಿತ್ರೆಯನ್ನು ವಿಧಾನಸೌಧದ ಕಡೆಯಿಂದ ನೋಡಿದವರು ಬಹಳ ಮಂದಿ. ಕೇರಿಯ ಕಡೆಯಿಂದ ನೋಡಿದರೆ ಏನು ಕಾಣುತ್ತೆ ಅನ್ನೋದನ್ನ ಇಲ್ಲಿ ಬರೆಯಲು ಹೊರಟಿದ್ದೇನೆ. ಹೇಳಬೇಕಾಗಿರೋದು ಒಂದೇ ಮಾತು. ಸರ್ಕಾರ ಗೋಡೆ ಎಣಿಸಿತು, ಸೂರು ಎಣಿಸಿತು. ನೆಲದ ಸರದಿ ಬಂದಾಗಲೆಲ್ಲಾ ಕೈ ಹಿಂದಕ್ಕೆಳೆದುಕೊಂಡಿತು. ಯಾಕೆಂದರೆ ಗೋಡೆ ಕೊಟ್ಟರೆ ಊರಲ್ಲಿ ಯಾರ ಗಂಟೂ ಹೋಗೋದಿಲ್ಲ. ನೆಲ ಕೊಟ್ಟರೆ ಯಜಮಾನಿಕೆಯೇ ಅಲುಗಾಡುತ್ತೆ.

ಮೊದಲು ಕೇರಿಯನ್ನೇ ನೋಡೋಣ. ಕಂದಾಯದ ಲೆಕ್ಕದಲ್ಲಿ ಪ್ರತಿ ಊರಿಗೂ ಗ್ರಾಮಠಾಣ ಅಂತ ಒಂದು ಜಾಗ ಇದೆ. ಜನ ಮನೆ ಕಟ್ಟಿಕೊಂಡು ಬಾಳಬೇಕಾದ ಜಾಗ ಅದು. ಕೇರಿ ಇರೋದು ಅದರ ಅಂಚಿನಲ್ಲಿ, ಇಲ್ಲವೇ ಅದರಾಚೆ. ತಲೆಮಾರು ಕಳೆದು ಜನ ಹೆಚ್ಚಿದರು, ಕೇರಿಯ ಗಡಿ ಹೆಚ್ಚಲಿಲ್ಲ. ಸುತ್ತ ಯಾರದೋ ಹೊಲ, ಯಾರದೋ ತೋಟ. ಒಂದೇ ಗುಡಿಸಲಿನಲ್ಲಿ ಮೂರು ಒಲೆ ಉರಿದವು. ಅಲ್ಲೂ ಜಾಗ ಸಾಲದವರು ಗೌಡರ ಹೊಲದ ಮೂಲೆಯಲ್ಲಿ, ಕಣದ ಪಕ್ಕದಲ್ಲಿ, ಬದುವಿನ ಮೇಲೆ ಗುಡಿಸಲು ಹಾಕಿಕೊಂಡರು. ಹಾಕಿಕೊಳ್ಳೋಕೆ ಗೌಡರೇ ಹೇಳಿದರು. ದಯೆಯಿಂದಲ್ಲ. ರಾತ್ರಿ ಕಾವಲಿಗೆ ಆಳು ಬೇಕು, ಬೆಳಗ್ಗೆ ಕೊಟ್ಟಿಗೆ ಬಾಚೋಕೆ ಹೆಂಗಸು ಬೇಕು. ಆ ಗುಡಿಸಲು ಮನೆ ಅಲ್ಲ, ಹಗ್ಗ. 'ನಾಳೆಯಿಂದ ಕೆಲಸಕ್ಕೆ ಬರಲ್ಲ ಸ್ವಾಮಿ' ಅಂದವನಿಗೆ ಒಂದೇ ಉತ್ತರ: 'ಹಂಗಾದ್ರೆ ಗುಡಿಸಲು ಕಿತ್ಕೊಂಡು ನಡಿ.' ಜೀತಕ್ಕೆ ಎರಡು ಗಂಟು. ಒಂದು ಸಾಲದ ಗಂಟು, ಇನ್ನೊಂದು ನೆಲದ ಗಂಟು. ಸಾಲದ ಗಂಟಿನ ಬಗ್ಗೆ ಪುಸ್ತಕಗಳಿವೆ. ನೆಲದ ಗಂಟಿನ ಬಗ್ಗೆ ಮಾತಾಡಿದ್ದು ಕಡಿಮೆ.

ಇದು ಹಳ್ಳಿಯ ಪಾಳೇಗಾರಿಕೆ ಮಾತ್ರ ಅಂತ ತಿಳೀಬೇಡಿ. ಕೋಲಾರದ ಚಿನ್ನದ ಗಣಿಗೆ ಹೋಗಿ. ಬ್ರಿಟಿಷ್ ಕಂಪನಿಗಳ ಕಾಲದಲ್ಲಿ ಅಲ್ಲಿ ನೆಲದಾಳಕ್ಕಿಳಿದು ಬಂಡೆ ಒಡೆದವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದ ದಲಿತರು. ಊರಿನ ಗೌಡನಿಂದ ತಪ್ಪಿಸಿಕೊಂಡು ಬಂದವರಿಗೆ ಕಂಪನಿ ಕೂಲಿ ಲೈನುಗಳಲ್ಲಿ ಗೂಡು ಕೊಟ್ಟಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ವಿದ್ಯುತ್ ಎಳೆದು ತಂದರು. ತಂದದ್ದು ಗಣಿಯ ಯಂತ್ರಕ್ಕೆ. ಲೈನಿನ ಮನೆ ಕೆಲಸ ಇರೋ ತನಕ ಮಾತ್ರ. ೨೦೦೧ರಲ್ಲಿ ಗಣಿ ಮುಚ್ಚಿತು. ತಾತ, ಅಪ್ಪ, ಮಗ ಬಾಳಿದ ಮನೆ ನಮ್ಮದೋ ಕಂಪನಿಯದೋ ಅನ್ನೋ ಪ್ರಶ್ನೆ ಆಗ ಬಾಗಿಲಿಗೆ ಬಂದು ನಿಂತಿತು. ಗೌಡನ ಬದುವಿನ ಗುಡಿಸಲಿಗೂ ಕಂಪನಿಯ ಲೈನಿಗೂ ವ್ಯತ್ಯಾಸ ಇಷ್ಟೇ: ಒಂದರ ಮೇಲೆ ಹುಲ್ಲು, ಇನ್ನೊಂದರ ಮೇಲೆ ಶೀಟು. ಕೂಲಿಯೂ ಸೂರೂ ಒಬ್ಬನ ಕೈಲೇ ಇದ್ದರೆ ಆಳು ತಲೆ ಎತ್ತೋದು ಹೇಗೆ?

ಈ ಗಂಟನ್ನು ಎಲ್ಲರಿಗಿಂತ ಮೊದಲು ಸರಿಯಾಗಿ ಹಿಡಿದವರು ಬಾಬಾಸಾಹೇಬರು. ೧೯೪೭ರಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಪರವಾಗಿ ಅವರು 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಅನ್ನೋ ಮನವಿಯನ್ನು ಸಂವಿಧಾನ ಸಭೆಗೆಂದು ಬರೆದರು. ಅದರಲ್ಲಿ ಅವರು ಕೇಳಿದ್ದು ಇಟ್ಟಿಗೆಯನ್ನಲ್ಲ. ಸರ್ಕಾರದ ಕೈಲಿರುವ ಸಾಗುವಳಿಯಾಗದ ನೆಲವನ್ನು ಪರಿಶಿಷ್ಟರ ಹೊಸ ಊರುಗಳಿಗೆ ಮೀಸಲಿಡಿ, ಅದಕ್ಕೊಂದು ನೆಲೆ ಆಯೋಗ ಮಾಡಿ, ವರ್ಷಕ್ಕೆ ಐದು ಕೋಟಿ ರೂಪಾಯಿ ತೆಗೆದಿಡಿ ಅಂತ ಕೇಳಿದರು. ಸವರ್ಣರ ಊರಿನ ಬಾಲವಾಗಿ ಕೇರಿ ಇರೋ ತನಕ ಅಸ್ಪೃಶ್ಯತೆ ಹೋಗೋದಿಲ್ಲ, ಕೂಲಿಗಾಗಿ ಕೈಚಾಚುವ ಬಾಳೂ ತಪ್ಪೋದಿಲ್ಲ ಅನ್ನೋದು ಅವರ ತರ್ಕ. ಮನೆಯ ಪ್ರಶ್ನೆಯನ್ನು ನೆಲದ ಪ್ರಶ್ನೆಯಿಂದ, ನೆಲದ ಪ್ರಶ್ನೆಯನ್ನು ಜಾತಿಯ ಪ್ರಶ್ನೆಯಿಂದ ಅವರು ಬಿಡಿಸಿ ನೋಡಲಿಲ್ಲ. ಆ ಆಯೋಗ ಸಂವಿಧಾನದೊಳಕ್ಕೆ ಬರಲಿಲ್ಲ. ಇಷ್ಟ ಬಂದ ಕಡೆ ನೆಲೆಸುವ ಸ್ವಾತಂತ್ರ್ಯ ಬಂತು. ಒಳ್ಳೆಯದೇ. ಆದರೆ ನೆಲೆಸೋಕೆ ಜಾಗ ಕೊಡುವವರು ಯಾರು ಅನ್ನೋದು ಅಲ್ಲಿ ಬರೆದಿಲ್ಲ.

ಮುಂದೆ ಏನಾಯಿತು? ಇಸವಿಗಳನ್ನು ಸಾಲಾಗಿ ಜೋಡಿಸಿದರೆ ಸಾಕು, ಅವೇ ಮಾತಾಡುತ್ತವೆ. ೧೯೫೨ರಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆ ಕಾರ್ಮಿಕರಿಗೆ ಸಹಾಯಧನದ ವಸತಿ ಯೋಜನೆ ತಂದಿತು. ೧೯೫೪ರಲ್ಲಿ ಕಡಿಮೆ ವರಮಾನದವರಿಗೆ ಸಾಲದ ಯೋಜನೆ. ೧೯೫೬ರಲ್ಲಿ ಪ್ಲಾಂಟೇಷನ್ ಕಾರ್ಮಿಕರಿಗೆ, ಕೊಳೆಗೇರಿಗಳಿಗೆ. ೧೯೫೭ರಲ್ಲಿ ಗ್ರಾಮ ವಸತಿ ಯೋಜನೆ. ೧೯೫೯ರಲ್ಲಿ ಮಧ್ಯಮ ವರ್ಗದವರಿಗೆ, ಅದೇ ವರ್ಷ ರಾಜ್ಯ ಸರ್ಕಾರಿ ನೌಕರರಿಗೆ ಬಾಡಿಗೆ ಮನೆಗಳ ಯೋಜನೆ. ನಮ್ಮಲ್ಲಿ ಮೈಸೂರು ಹೌಸಿಂಗ್ ಬೋರ್ಡು ೧೯೫೬ರಲ್ಲಿ ಹುಟ್ಟಿತು, ೧೯೬೨ರ ಕಾಯ್ದೆಯ ಪ್ರಕಾರ ಈಗಿನ ಗೃಹ ಮಂಡಳಿಯಾಯಿತು. ೧೯೭೦ರಲ್ಲಿ ಮನೆ ಕಟ್ಟೋಕೆ ಸಾಲ ಕೊಡುವ ಹುಡ್ಕೊ ಬಂತು. ಭೂಮಿ ಇಲ್ಲದ ಹಳ್ಳಿಯ ಕೂಲಿಗೆ ಅಂತಲೇ ಇಡೀ ದೇಶಕ್ಕೆ ಒಂದು ನಿವೇಶನದ ಯೋಜನೆ ಬಂದದ್ದು ಯಾವಾಗ? ೧೯೭೧ರಲ್ಲಿ. ಗುಮಾಸ್ತರ ಸರದಿ ಆದ ಮೇಲೆ, ಇನ್ನೂ ಹನ್ನೆರಡು ವರ್ಷ ಬಿಟ್ಟು.

ಯಾಕೆ ಹೀಗೆ? ಆ ಹೊತ್ತಿನ ಯೋಜನೆ ಬರೆದವರ ಕಣ್ಣಿಗೆ ಕಾರ್ಖಾನೆಯಲ್ಲಿ ಯಂತ್ರ ತಿರುಗಿಸುವವನು ಕಾರ್ಮಿಕ. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವಳು ಕಾರ್ಮಿಕಳಲ್ಲ, ಅವಳು 'ಹಳ್ಳಿಯ ಜನ'. ಇನ್ನೊಂದು ಕಾರಣವೂ ಉಂಟು. ಸಾಲ ಬೇಕೆಂದರೆ ಆಧಾರ ಬೇಕು. ಆಧಾರ ಅಂದರೆ ಜಾಗದ ಕಾಗದ. ಕಾಗದ ಇದ್ದವನಿಗೆ ಸಾಲ, ಸಾಲ ಸಿಕ್ಕವನಿಗೆ ಮನೆ. ಕೇರಿಯವನ ಕೈಲಿ ಕಾಗದವೂ ಇಲ್ಲ, ಕಾಗದ ಬರೆಯೋ ಶಾನುಭೋಗನ ಜಗಲಿ ಹತ್ತುವ ಹಕ್ಕೂ ಇಲ್ಲ.

೧೯೭೧ರ ಹೊತ್ತಿಗೆ ಹಳ್ಳಿಗಾಡು ಸುಮ್ಮನಿರಲಿಲ್ಲ. ೧೯೬೮ರ ಡಿಸೆಂಬರ್ ೨೫ರ ರಾತ್ರಿ ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್‌ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಸಿ ಅಂತ ಕೇಳಿದ ದಲಿತರ ಮೇಲೆ ಭೂಮಾಲೀಕರ ಗುಂಪು ನುಗ್ಗಿತು. ಪ್ರಾಣ ಉಳಿಸಿಕೊಳ್ಳಲು ಒಂದೇ ಗುಡಿಸಲೊಳಗೆ ಹೊಕ್ಕವರನ್ನು ಹೊರಗಿಂದ ಬೆಂಕಿ ಇಟ್ಟು ಸುಟ್ಟರು. ಸತ್ತವರು ೪೪ ಜನ, ಹೆಚ್ಚಿನವರು ಹೆಂಗಸರು ಮಕ್ಕಳು. ೧೯೭೧ರಲ್ಲಿ ಆ ರಾಜ್ಯ ಭೂಮಾಲೀಕರ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಗಳಿಗೆ ಆ ನೆಲದ ಒಡೆತನ ಕೊಡುವ ಕಾಯ್ದೆ ಮಾಡಿತು. ಪಕ್ಕದ ಕೇರಳ ಅದಕ್ಕೂ ಮೊದಲೇ ಹೆಜ್ಜೆ ಇಟ್ಟಿತ್ತು. ಅಲ್ಲಿನ ಭೂಸುಧಾರಣೆಯ ತಿದ್ದುಪಡಿ ೧೯೭೦ರ ಜನವರಿ ೧ರಿಂದ ಜಾರಿಗೆ ಬಂತು. ಅದರ ಪ್ರಕಾರ ಜಮೀನ್ದಾರನ ತೋಟದಲ್ಲಿ ಗುಡಿಸಲು ಹಾಕಿಕೊಂಡವನಿಗೆ ಪಂಚಾಯ್ತಿ ಪ್ರದೇಶದಲ್ಲಿ ೧೦ ಸೆಂಟ್ಸ್, ಮುನಿಸಿಪಾಲಿಟಿಯಲ್ಲಿ ೫, ನಗರದಲ್ಲಿ ೩ ಸೆಂಟ್ಸ್ ನೆಲದ ಹಕ್ಕು. ಹತ್ತು ಸೆಂಟ್ಸ್ ಅಂದರೆ ಎಕರೆಯ ಹತ್ತನೇ ಒಂದು ಪಾಲು, ನಾಲ್ಕು ಗುಂಟೆ. ನಾಲ್ಕು ತೆಂಗು, ಒಂದು ಹಲಸು, ಎರಡು ಆಡು, ಒಂದು ಬಾವಿ. ಅಷ್ಟೇ. ಆದರೆ 'ನಡಿ ಆಚೆ' ಅನ್ನೋ ಮಾತು ಆ ನಾಲ್ಕು ಗುಂಟೆಯ ಬೇಲಿ ದಾಟಿ ಒಳಗೆ ಬರಲಾರದು.

ಕೇರಳವನ್ನು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಗೇಣಿದಾರರಿಗೆ ಗದ್ದೆ ಸಿಕ್ಕಿತು. ಆ ಗದ್ದೆಯಲ್ಲಿ ಕೆಸರು ತುಳಿದ ಪುಲಯ, ಪರಯ ಜನಕ್ಕೆ ಗುಡಿಸಲಿನ ತಳ ಮಾತ್ರ ಸಿಕ್ಕಿತು. ೧೯೭೨ರ ಲಕ್ಷ ಮನೆ ಯೋಜನೆಯಲ್ಲಿ ಒಂದು ಗೋಡೆಗೆ ಎರಡು ಸಂಸಾರ ಅಂಟಿಸಿ ಕಟ್ಟಿದ ಸಾಲುಗಳು 'ಕಾಲೋನಿ'ಗಳಾದವು. ೨೦೦೭ರಲ್ಲಿ ಚೆಂಗರದ ತೋಟಕ್ಕೆ ನುಗ್ಗಿ ಪ್ಲಾಸ್ಟಿಕ್ ಹೊದಿಸಿ ಕೂತ ಸಾವಿರಾರು ದಲಿತ ಕುಟುಂಬಗಳು ಕೇಳಿದ್ದು ಇದನ್ನೇ: ನಮಗೆ ಮಲಗೋ ಜಾಗ ಮಾತ್ರ ಯಾಕೆ, ಉಳೋ ಜಾಗ ಯಾಕಿಲ್ಲ? ೨೦೨೪ರ ಜೂನಿನಲ್ಲಿ ಆ ಸರ್ಕಾರ 'ಕಾಲೋನಿ' ಅನ್ನೋ ಪದವನ್ನೇ ಕಡತಗಳಿಂದ ತೆಗೆಯಲು ಆದೇಶ ಹೊರಡಿಸಿತು. ಐವತ್ತು ವರ್ಷ ಆದ ಮೇಲೂ ಮನೆಯ ವಿಳಾಸವೇ ಜಾತಿ ಹೇಳುತ್ತಿತ್ತು ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು.

ನಮ್ಮ ಕರ್ನಾಟಕಕ್ಕೆ ಬರೋಣ. ೧೯೭೨ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅದೇ ವರ್ಷದ ಹೆಸರಿನಲ್ಲಿ ನಿವೇಶನ ಕೊಡುವುದಕ್ಕಾಗಿ ಭೂಮಿ ವಶಪಡಿಸಿಕೊಳ್ಳುವ ಒಂದು ಕಾಯ್ದೆ ಬಂತು. ಈ ಕಾಯ್ದೆಯ ಹೆಸರು ನಮ್ಮ ಹುಡುಗರಿಗೆ ಗೊತ್ತಿಲ್ಲ, ಗೊತ್ತಿರಬೇಕು. ಗೋಮಾಳ ಇಲ್ಲದ ಊರಿನಲ್ಲೂ ಖಾಸಗಿ ಜಮೀನು ತೆಗೆದುಕೊಂಡು ಸೈಟು ಹಂಚಬಹುದು ಅಂತ ಸರ್ಕಾರಕ್ಕೆ ಅಧಿಕಾರ ಕೊಟ್ಟ ಕಾಯ್ದೆ ಅದು. ಜನತಾ ಮನೆಗಳು ಎದ್ದವು. ೧೯೭೪ರ ಮಾರ್ಚ್ ೧ರಿಂದ ಜಾರಿಯಾದ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ೧೯೭೫ರ ಇಪ್ಪತ್ತು ಅಂಶಗಳ ಪಟ್ಟಿಯಲ್ಲಿ ನಿವೇಶನ ಹಂಚಿಕೆ ಸೇರಿತು, ಜೀತ ವಿಮುಕ್ತಿಯೂ ಸೇರಿತು. ಅರಸು ಮೇಲೆ ಎಷ್ಟೇ ತಕರಾರು ಇರಲಿ, ಕೇರಿಯ ಕೈಗೆ ಸರ್ಕಾರಿ ಮೊಹರಿನ ಕಾಗದ ದೊಡ್ಡ ಪ್ರಮಾಣದಲ್ಲಿ ಬಂದದ್ದು ಆ ಕಾಲದಲ್ಲಿ. ಅದನ್ನು ಮರೆತು ಮಾತಾಡಿದರೆ ಚರಿತ್ರೆಗೆ ದ್ರೋಹ.

ಆದರೆ ಎರಡು ತೂತು ಉಳಿದವು. ಮೊದಲನೆಯದು: ಉಳುವವನೇ ಒಡೆಯ ಅಂದಾಗ ಉಳುವವನು ಅಂದರೆ ಗೇಣಿದಾರ. ನೇಗಿಲು ಹಿಡಿದ ಜೀತಗಾರ ಗೇಣಿದಾರನಲ್ಲ. ಅವನ ಹೆಸರಲ್ಲಿ ಗೇಣಿ ಚೀಟಿ ಇಲ್ಲ. ಅವನ ಪಾಲಿಗೆ ಆ ಕಾಯ್ದೆಯಲ್ಲಿ ಇದ್ದದ್ದು ೩೮ನೇ ಕಲಮು. ತನ್ನದಲ್ಲದ ನೆಲದಲ್ಲಿ ಮನೆ ಕಟ್ಟಿಕೊಂಡು ವಾಸವಾಗಿರುವ ಕೃಷಿ ಕಾರ್ಮಿಕನನ್ನು ಆ ಮನೆಗೂ ಅದರ ಅಡಿಯ ಜಾಗಕ್ಕೂ ಒಡೆಯ ಅಂತ ದಾಖಲು ಮಾಡಬಹುದು ಅನ್ನುತ್ತೆ ಈ ಕಲಮು. ಎಂಥ ಮಾತು ನೋಡಿ! ಗೌಡನ ಬದುವಿನ ಗುಡಿಸಲನ್ನೇ ಆಳಿನದು ಅನ್ನುವ ಮಾತು. ಆದರೆ ಅರ್ಜಿ ಹಾಕಬೇಕಾದವನು ಆಳು. ನಾಳೆ ಬೆಳಗ್ಗೆ ಯಾರ ಬಾಗಿಲಿಗೆ ಕೂಲಿಗೆ ಹೋಗಬೇಕೋ ಅವರ ಮೇಲೇ ಅರ್ಜಿ. ಎಷ್ಟು ಮಂದಿ ಹಾಕಿಯಾರು? ಕಾಯ್ದೆ ಪುಸ್ತಕದಲ್ಲಿ ಉಳಿಯಿತು, ಗುಡಿಸಲು ಬದುವಿನ ಮೇಲೆ ಉಳಿಯಿತು.

ಎರಡನೆಯ ತೂತು: ಕೊಟ್ಟ ಸೈಟು ಎಲ್ಲಿತ್ತು? ನಮ್ಮ ತಾತನಿಗೆ ಜನತಾ ಮನೆ ಬಂದದ್ದು ಊರಿನಿಂದ ಅರ್ಧ ಮೈಲಿ ಆಚೆ, ಕೆರೆ ಕೋಡಿಯ ಕೆಳಗೆ. ಮಳೆಗಾಲದಲ್ಲಿ ಒಳಗೆ ಕಪ್ಪೆ, ಬೇಸಿಗೆಯಲ್ಲಿ ನೀರಿಗೆ ಊರ ಬಾವಿ. ಹಳೇ ಕೇರಿ ಊರಿಗೆ ಅಂಟಿಕೊಂಡಾದರೂ ಇತ್ತು. ಸರ್ಕಾರ ಅದನ್ನು ಕಿತ್ತು ಇನ್ನೂ ದೂರ ನೆಟ್ಟಿತು. ಆದರೂ ತಾತ ಹಕ್ಕುಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದ. ಓದೋಕೆ ಬಾರದವನು ವರ್ಷಕ್ಕೊಂದು ಸಲ ಬಿಚ್ಚಿ ನೋಡುತ್ತಿದ್ದ. 'ಇದು ಬಂದ ಮೇಲೆ ಗೌಡ್ರ ಮುಂದೆ ನಿಂತು ಕೂಲಿ ಎಷ್ಟು ಅಂತ ಕೇಳ್ದೆ ಕಣ್ ಮಗಾ' ಅಂತಿದ್ದ. ಮನೆ ಸೋರುತ್ತಿತ್ತು, ಕಾಗದ ಸೋರಲಿಲ್ಲ. ನೆಲದ ಕಾಗದ ಏನು ಮಾಡುತ್ತೆ ಅಂತ ನನಗೆ ತಿಳಿದದ್ದು ಯಾವ ಅರ್ಥಶಾಸ್ತ್ರದ ಪುಸ್ತಕದಿಂದಲೂ ಅಲ್ಲ.

೧೯೭೬ರಲ್ಲಿ ಜೀತ ಪದ್ಧತಿ ರದ್ದು ಕಾಯ್ದೆ ಬಂತು. ಜೀತದಿಂದ ಬಿಟ್ಟವನು ಎಲ್ಲಿ ಮಲಗಬೇಕು ಅನ್ನೋ ಪ್ರಶ್ನೆಗೆ ಉತ್ತರವಾಗಿ ೧೯೮೫ರಲ್ಲಿ ಬಂದದ್ದು ಇಂದಿರಾ ಆವಾಸ್. ಶುರುವಿನಲ್ಲಿ ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಬಿಡುಗಡೆಯಾದ ಜೀತಗಾರರಿಗೆ ಅಂತಲೇ ಇದ್ದ ಯೋಜನೆ. ೧೯೯೩-೯೪ರಿಂದ ಉಳಿದ ಬಡವರಿಗೂ ವಿಸ್ತರಿಸಿದರು. ೧೯೯೬ರಲ್ಲಿ ಸ್ವತಂತ್ರ ಯೋಜನೆಯಾಯಿತು. ನಮ್ಮ ರಾಜ್ಯದಲ್ಲಿ ಬಂಗಾರಪ್ಪನವರ ಕಾಲದಲ್ಲಿ, ೧೯೯೧-೯೨ರಲ್ಲಿ, ಆಶ್ರಯ ಬಂತು. ೨೦೦೦ದಲ್ಲಿ ಇವನ್ನೆಲ್ಲಾ ನೋಡಿಕೊಳ್ಳಲು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ೨೦೧೬ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಬಂತು. ೨೦೧೩ರಲ್ಲಿ ಬಯಲು ಸೀಮೆಯ ಮನೆಗೆ ೭೦,೦೦೦ ರೂಪಾಯಿ ಇದ್ದದ್ದು ೧,೨೦,೦೦೦ ಆಯಿತು, ಜೊತೆಗೆ ಉದ್ಯೋಗ ಖಾತ್ರಿಯಿಂದ ೯೦ ದಿನದ ಕೂಲಿ. ಮನೆ ಕನಿಷ್ಠ ೨೫ ಚದರ ಮೀಟರ್ ಇರಬೇಕು. ರಾಜ್ಯಗಳು ತಮ್ಮ ಪಾಲು ಸೇರಿಸುವುದು ಬೇರೆ.

ಈ ದುಡ್ಡು ಹೇಗೆ ಬರುತ್ತೆ ಅನ್ನೋದನ್ನ ಗಮನಿಸಿ. ಕಂತಿನಲ್ಲಿ ಬರುತ್ತೆ. ತಳಪಾಯ ಆಯ್ತಾ, ಫೋಟೋ. ಲಿಂಟಲ್ ಆಯ್ತಾ, ಫೋಟೋ. ಛಾವಣಿ ಆಯ್ತಾ, ಫೋಟೋ. ಆಮೇಲೆ ಬಿಲ್ಲು. ಕಳ್ಳತನ ತಡೆಯೋಕೆ ಇದು ಬೇಕು ಅಂತಾರೆ, ಇರಬಹುದು. ಆದರೆ ಬಿಲ್ಲು ತಡವಾದರೆ ಜಲ್ಲಿ, ಸಿಮೆಂಟಿಗೆ ದುಡ್ಡು ಎಲ್ಲಿಂದ? ನೂರಕ್ಕೆ ತಿಂಗಳಿಗೆ ಇಷ್ಟು ಅಂತ ಬಡ್ಡಿಗೆ ತರಬೇಕು. ಯಾರ ಹತ್ತಿರ? ಊರಲ್ಲಿ ದುಡ್ಡು ಇರೋದು ಯಾರ ಹತ್ತಿರವೋ ಅವರ ಹತ್ತಿರ. ಜೀತದಿಂದ ಬಿಡಿಸಲು ಕೊಟ್ಟ ಮನೆಗಾಗಿ ಮತ್ತೆ ಅದೇ ಬಾಗಿಲಲ್ಲಿ ಸಾಲಕ್ಕೆ ನಿಲ್ಲಬೇಕು. ಅರ್ಧ ಎದ್ದ ಗೋಡೆಗಳ ಮೇಲೆ ಟಾರ್ಪಾಲು ಹೊದಿಸಿ ವರ್ಷಗಟ್ಟಲೆ ಬಾಳುವ ಸಂಸಾರಗಳನ್ನು ನೀವೂ ಕಂಡಿದ್ದೀರಿ. ಇದೆಲ್ಲಾ ಸೈಟು ಇದ್ದವನ ಕಷ್ಟ. ಸೈಟು ಇಲ್ಲದವನ ಗತಿ? ೨೦೦೯ರಲ್ಲಿ ಕೇಂದ್ರ ಸರ್ಕಾರ ಸೈಟು ಇಲ್ಲದ ಕುಟುಂಬಕ್ಕೆ ಜಾಗ ಕೊಳ್ಳಲು ೧೦,೦೦೦ ರೂಪಾಯಿ ಅಂತ ಗೊತ್ತುಮಾಡಿತು. ಹತ್ತು ಸಾವಿರಕ್ಕೆ ಯಾವ ಊರಲ್ಲಿ ಯಾರು ಜಾಗ ಮಾರುತ್ತಾರೆ? ಅದೂ ಕೇರಿಯವನಿಗೆ?

ಜಾಗ ಕೊಡೋದಕ್ಕೆ ಉಳ್ಳವರು ಎಷ್ಟು ದೂರ ಅಡ್ಡ ನಿಲ್ಲುತ್ತಾರೆ ಅನ್ನೋದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪೇ ಸಾಕ್ಷಿ. ಉತ್ತರ ಪ್ರದೇಶದಲ್ಲಿ ಪರಿಶಿಷ್ಟ ಜಾತಿಯವರ ಮನೆಗಳಿಗೆಂದು ಸರ್ಕಾರ ಜಮೀನು ತೆಗೆದುಕೊಂಡಿತು. ಜಮೀನಿನವರು ಕೋರ್ಟಿಗೆ ಹೋದರು. ಅಷ್ಟೊಂದು ತುರ್ತು ಏನಿದೆ ಅನ್ನೋದು ಅವರ ವಾದ. ೧೯೯೫ರ ಡಿಸೆಂಬರಿನಲ್ಲಿ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಕೋರ್ಟು ಅವರ ವಾದ ತಳ್ಳಿಹಾಕಿತು. ತಲೆಯ ಮೇಲೆ ಸೂರು ಅನ್ನೋದು ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ವಸತಿ ಹಕ್ಕಿನ ಬಗ್ಗೆ ಭಾಷಣ ಮಾಡುವವರೆಲ್ಲಾ ಈ ತೀರ್ಪಿನ ಹೆಸರು ಹೇಳುತ್ತಾರೆ. ಅದು ಹುಟ್ಟಿದ್ದು ಕೇರಿಯ ಸೈಟಿನ ಜಗಳದಲ್ಲಿ ಅನ್ನೋದನ್ನ ಮಾತ್ರ ಹೇಳೋದಿಲ್ಲ.

ಹಳ್ಳಿ ಬಿಟ್ಟು ನಗರಕ್ಕೆ ಓಡಿ ಬಂದವರ ಕತೆ ಏನು? ೧೯೭೩ರಲ್ಲಿ ಕರ್ನಾಟಕದ ಕೊಳೆಗೇರಿ ಕಾಯ್ದೆ ಬಂತು. ೧೯೭೬ರಲ್ಲಿ ನಗರ ಭೂಮಿತಿ ಕಾಯ್ದೆ: ಮಿತಿಗಿಂತ ಹೆಚ್ಚಿನ ಖಾಲಿ ಜಾಗವನ್ನು ಸರ್ಕಾರ ತೆಗೆದುಕೊಳ್ಳಬೇಕು. ಕಾಯ್ದೆಯ ಒಳಗೇ ವಿನಾಯಿತಿಯ ಬಾಗಿಲು ಇಟ್ಟರು. ಉಳ್ಳವರು ಆ ಬಾಗಿಲಿಂದ ಆಚೆ ನಡೆದರು. ೧೯೯೯ರಲ್ಲಿ ಕೇಂದ್ರ ಆ ಕಾಯ್ದೆಯನ್ನೇ ರದ್ದು ಮಾಡಿತು. ನೆಲದ ಮಾತು ಅಲ್ಲಿಗೆ ಮುಗಿಯಿತು, ಗೋಡೆಯ ಮಾತು ಮಾತ್ರ ಉಳಿಯಿತು. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ ಕ್ವಾರ್ಟರ್ಸುಗಳು ಕಳಪೆಯಾಗಿ ಕುಸಿದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾದರು. ೨೦೧೩ರ ಜನವರಿಯಲ್ಲಿ ಪೊಲೀಸರು ನಿಂತು, ಜೆಸಿಬಿ ಬಂದು, ಸಾವಿರಕ್ಕೂ ಹೆಚ್ಚು ಕುಟುಂಬಗಳ ಶೆಡ್ಡು ನೆಲಸಮವಾಯಿತು. ಆ ನೆಲದ ಒಂದು ಪಾಲು ಮಾಲ್ ಕಟ್ಟೋದಕ್ಕೆ ಅಂತ ಖಾಸಗಿಯವರ ಜೊತೆ ಒಪ್ಪಂದ ಆಗಿತ್ತು. ಗೋಡೆ ಬಿದ್ದ ಮೇಲೆ ನೆಲ ಯಾರದು ಅನ್ನೋದು ಆ ದಿನ ಗೊತ್ತಾಯಿತು.

ಈಚಿನ ಸರ್ಕಾರಿ ಭಾಷೆಯಲ್ಲಿ ಇನ್ನೊಂದು ಮಾತು ಬಂದಿದೆ: 'ಕೈಗೆಟುಕುವ ಮನೆ'. ಯಾರ ಕೈಗೆ ಸ್ವಾಮಿ? ೨೦೧೬ರಿಂದ ಇಂಥ ಮನೆ ಕಟ್ಟುವ ಬಿಲ್ಡರುಗಳ ಲಾಭಕ್ಕೆ ಆದಾಯ ತೆರಿಗೆ ಮಾಫಿ ಕೊಟ್ಟರು. ೨೦೧೭ರ ಬಜೆಟ್ಟಿನಲ್ಲಿ ಈ ಕಸುಬಿಗೆ ಮೂಲಸೌಕರ್ಯದ ಸ್ಥಾನ ಕೊಟ್ಟರು. ೨೦೧೯ರಲ್ಲಿ ಜಿಎಸ್‌ಟಿಯನ್ನು ನೂರಕ್ಕೆ ಒಂದಕ್ಕೆ ಇಳಿಸಿದಾಗ ಕೈಗೆಟುಕುವ ಮನೆ ಅಂದರೆ ೪೫ ಲಕ್ಷ ರೂಪಾಯಿ ತನಕದ ಮನೆ ಅಂತ ಗೊತ್ತುಮಾಡಿದರು. ೨೦೧೭ರಿಂದ ೨೦೨೧ರ ಮಾರ್ಚ್ ತನಕ, ವರ್ಷಕ್ಕೆ ೧೮ ಲಕ್ಷ ಸಂಪಾದಿಸುವವರಿಗೂ ಮನೆ ಸಾಲದ ಬಡ್ಡಿಯಲ್ಲಿ ಸಹಾಯಧನ ಸಿಕ್ಕಿತು, ಹೆಚ್ಚೆಂದರೆ ೨.೩೦ ಲಕ್ಷ ರೂಪಾಯಿ. ಇತ್ತ ಹಳ್ಳಿಯ ಗುಡಿಸಲಿನವನಿಗೆ ೧.೨೦ ಲಕ್ಷ. ಅವನ ಮನೆ ಮುಂದೆ ಒಂದು ಮೋಟಾರ್ ಬೈಕು ನಿಂತಿದ್ದರೆ, ಒಳಗೆ ಫ್ರಿಜ್ಜು ಇದ್ದರೆ, ಪಟ್ಟಿಯಿಂದ ಹೆಸರು ಔಟು! ಬೈಕಿನ ಈ ಷರತ್ತನ್ನು ಸಡಿಲಿಸಿದ್ದು ೨೦೨೪ರಲ್ಲಿ. ೧೮ ಲಕ್ಷದವನ ಮನೆ ಮುಂದೆ ಕಾರು ಎಷ್ಟು ಅಂತ ಯಾರೂ ಎಣಿಸಲಿಲ್ಲ.

ಇಷ್ಟೆಲ್ಲಾ ಆದ ಮೇಲೂ ಕಟ್ಟಿದ ಮನೆ ನೆಮ್ಮದಿಯ ಮನೆಯೇ? ೨೦೧೪ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ, ಕ್ಷೌರದಂಗಡಿಗೂ ಹೋಟೆಲಿಗೂ ನಮ್ಮನ್ನು ಬಿಡಿ ಅಂತ ಕೇಳಿದ್ದಕ್ಕೆ ದಲಿತರ ಮೇಲೆ ಬಿದ್ದು ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷದ ಮೇಲೆ, ೨೦೨೪ರ ಅಕ್ಟೋಬರಿನಲ್ಲಿ, ಕೊಪ್ಪಳದ ಕೋರ್ಟು ೯೮ ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಊರಿಗೊಂದು ಕಡೆ, ಕೇರಿಗೊಂದು ಕಡೆ ಅಂತ ಸರ್ಕಾರವೇ ಮನೆ ಕಟ್ಟಿಸುತ್ತಾ ಹೋದರೆ ಬೆಂಕಿ ಇಡುವವನಿಗೆ ವಿಳಾಸ ಬರೆದುಕೊಟ್ಟ ಹಾಗೆ. ಎಲ್ಲಿ ಕೊಡುತ್ತೀರಿ ಅನ್ನೋದು ಎಷ್ಟು ಕೊಡುತ್ತೀರಿ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ.

ಹಾಗಂತ ಈ ಚರಿತ್ರೆಯಲ್ಲಿ ಬರೀ ಸೋಲೇ ಇಲ್ಲ. ಹಳೆಯ ೩೮ನೇ ಕಲಮಿನ ಪಕ್ಕಕ್ಕೆ ೨೦೧೭ರಲ್ಲಿ '೩೮-ಎ' ಬಂದು ಕೂತಿತು. ತಾಂಡಾ, ಗೊಲ್ಲರ ಹಟ್ಟಿ, ಕುರುಬರ ಹಟ್ಟಿ, ನಾಯಕರ ಹಟ್ಟಿ, ಮಜರೆ — ಕಂದಾಯದ ಲೆಕ್ಕದಲ್ಲಿ ಊರೇ ಅಲ್ಲದ ಈ ವಾಸದ ಜಾಗಗಳನ್ನು ಕಂದಾಯ ಗ್ರಾಮ ಅಂತ ಒಪ್ಪಿ, ಅಲ್ಲಿರುವವರಿಗೆ ಅವರ ಮನೆಯ ನೆಲ ದಾಖಲು ಮಾಡುವ ತಿದ್ದುಪಡಿ ಇದು. ೨೦೨೩ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ೨೦೨೫ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಮೇಲೆ. ಒಂದು ಸಮಾರಂಭದ ವೇದಿಕೆ ಮೇಲೆ ಒಂದು ಪಕ್ಷ, ಇನ್ನೊಂದರ ಮೇಲೆ ಇನ್ನೊಂದು. ಎರಡೂ ಕಡೆ ಹಂಚಿದ್ದು ಒಂದೇ ಕಾಯ್ದೆಯ ಕಾಗದ. ಆ ಕಾಯ್ದೆ ಯಾವ ನಾಯಕನ ಜೇಬಿನಿಂದಲೂ ಉದುರಿದ್ದಲ್ಲ. ನಮ್ಮೂರಿಗೆ ಹೆಸರು ಕೊಡಿ, ನಮ್ಮ ನೆಲಕ್ಕೆ ಕಾಗದ ಕೊಡಿ ಅಂತ ತಾಂಡಾ, ಹಟ್ಟಿಗಳ ಜನ ವರ್ಷಗಟ್ಟಲೆ ಕಚೇರಿ ಸುತ್ತಿ, ಧರಣಿ ಕೂತು ತೆಗೆಸಿದ್ದು.

ಇದರಿಂದ ನಾವು ಕಲಿಯಬೇಕಾದ ಪಾಠ ಸರಳ. ಯಾವ ಸರ್ಕಾರ ಬಂದರೂ ಮನೆಯ ಸಂಖ್ಯೆ ಹೇಳುತ್ತೆ. ೨೦೨೪ರಲ್ಲೂ ಹೇಳಿತು: ಹಳ್ಳಿಗಳಲ್ಲಿ ಇನ್ನೂ ಎರಡು ಕೋಟಿ ಮನೆ, ೨೦೨೯ರೊಳಗೆ. ಸಂತೋಷ. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಸರ್ವೆ ನಂಬರಿನಲ್ಲಿ? ಊರಿನಿಂದ ಎಷ್ಟು ದೂರ? ಹಕ್ಕುಪತ್ರ ಯಾರ ಹೆಸರಿಗೆ, ಹೆಂಗಸಿನ ಹೆಸರು ಇದೆಯಾ? ನೀರು, ದಾರಿ ಮೊದಲೋ ಉದ್ಘಾಟನೆ ಮೊದಲೋ? ನಾಳೆ ಈ ಗೋಡೆ ಬಿದ್ದರೆ ನೆಲ ನಮ್ಮದಾಗಿಯೇ ಉಳಿಯುತ್ತಾ?

ಹಳ್ಳಿ ಮೇಷ್ಟ್ರುಗಳಿಗೆ, ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಎರಡು ಪಟ್ಟಿ ಇರುತ್ತೆ. ಒಂದು ವಸತಿರಹಿತರ ಪಟ್ಟಿ: ಜಾಗ ಇದೆ, ಮನೆ ಇಲ್ಲ. ಇನ್ನೊಂದು ನಿವೇಶನರಹಿತರ ಪಟ್ಟಿ: ಜಾಗವೇ ಇಲ್ಲ. ಗ್ರಾಮಸಭೆಯಲ್ಲಿ ಮೊದಲ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ, ಚಪ್ಪಾಳೆ ಬೀಳುತ್ತೆ, ಸಭೆ ಮುಗೀತು ಅಂತಾರೆ. ಎರಡನೇ ಪಟ್ಟಿ ಬೀರುವಿನಲ್ಲೇ ಉಳಿಯುತ್ತೆ. ಅದರಲ್ಲಿರುವ ಹೆಸರುಗಳು ಯಾವ ಕೇರಿಯವು, ಯಾವ ಹಟ್ಟಿಯವು ಅಂತ ನಿಮಗೇ ಗೊತ್ತು. ಮುಂದಿನ ಗ್ರಾಮಸಭೆಗೆ ಆ ಹೆಸರಿನವರನ್ನೆಲ್ಲಾ ಕರಕೊಂಡು ಹೋಗಿ. ಮುಂದಿನ ಸಾಲಿನಲ್ಲಿ ಕೂರಿಸಿ. ಎರಡನೇ ಪಟ್ಟಿ ಓದಿ ಅಂತ ಕೇಳಿ. ಓದೋ ತನಕ ಯಾರೂ ಏಳಬೇಡಿ.